ಎ ಡಿಪ್ಲೊಮಾ ಇಲ್ಲದ ಹಿಸ್ಕೆ

"ಸಾಕು, ಸಾಕು! ಐದು ಮೀಟರ್ ಆಯ್ತು, ನಿಲ್ಸಿ!" ಎಂದು ಪರೀಕ್ಷಕ ಸೀಬ್ರನ್ ಕೊಳದ ಅಂಚಿನಿಂದ ಕೂಗಿದ. ಹಿಸ್ಕೆ ನಿಲ್ಲಿಸಿದಳು. ಇಪ್ಪತ್ತೈದು ಕಿಲೋಮೀಟರ್ ಫ್ರೀಸ್ಟೈಲ್‌ನಲ್ಲಿ ಯುರೋಪನ್ನೇ ಹಿಂದೆ ಹಾಕಿದವಳು ಎರಡು ಸಲ ತೋಳು ಬೀಸುವಷ್ಟರಲ್ಲಿ ಸಾಕೆನ್ನಿಸಿಕೊಂಡದ್ದು ಇದೇ ಮೊದಲು.

ಅವಳ ಅಕ್ಕಪಕ್ಕ ಆರು ವರ್ಷದ ಹನ್ನೊಂದು ಮಕ್ಕಳು, ನಡುವೆ ಮೂವತ್ತನಾಲ್ಕರ ಇವಳು. ಎಲ್ಲೆಲ್ಲೂ ಕಾಲುವೆಗಳೇ ಇರುವ ಫ್ರೀಸ್‌ಲ್ಯಾಂಡಿನಲ್ಲಿ ಹಾಲುಹಲ್ಲು ಬೀಳುವ ಹೊತ್ತಿಗೆ ಎಲ್ಲರ ಕೈಗೂ ಬರುವ, ಈಜಿನ ಮೊದಲ ಹಂತದ ಎ ಡಿಪ್ಲೊಮಾ ಇವಳ ಹತ್ತಿರ ಇರಲಿಲ್ಲ. ಅಪ್ಪ ಸರಕು ದೋಣಿಯವನು. ಮಗಳ ಸೊಂಟಕ್ಕೆ ಹಗ್ಗ ಕಟ್ಟಿ ಕಾಲುವೆಗೆ ಇಳಿಬಿಟ್ಟು ಈಜು ಕಲಿಸಿದ್ದ. ಆಮೇಲೆ ಕ್ಲಬ್ಬಿನವರು ಗಡಿಯಾರ ನೋಡಿದರೇ ಹೊರತು ಕಾಗದ ಕೇಳಲಿಲ್ಲ. ಹಾಗೇ ಇಪ್ಪತ್ತು ವರ್ಷ ಕಳೆಯಿತು. ಭುಜ ಸವೆದು ಸ್ಪರ್ಧೆ ಬಿಟ್ಟ ಮೇಲೆ ಊರಿನ ಕೊಳದಲ್ಲಿ ಈಜು ಕಲಿಸುವ ಕೆಲಸಕ್ಕೆ ಅರ್ಜಿ ಹಾಕಿದಳು. ಬೇರೆ ಕಸುಬು ಅವಳಿಗೆ ಗೊತ್ತಿಲ್ಲ. ಹೊಸ ತರಗತಿ ಸೋಮವಾರದಿಂದ ಶುರು.

"ನಿಮ್ಮ ಸಾಧನೆ ಯಾರಿಗೆ ಗೊತ್ತಿಲ್ಲ ಹೇಳಿ? ಆದ್ರೆ ಕಲಿಸೋರಿಗೆ ಎ ಡಿಪ್ಲೊಮಾ ಇರ್ಲೇಬೇಕು, ನಿಯಮ ಎಲ್ಲರಿಗೂ ಒಂದೇ ಅಲ್ವಾ," ಎಂದಿದ್ದ ಸೀಬ್ರನ್ ಅವತ್ತು, ಕಾಫಿಯ ಜೊತೆ ಒಂದೇ ಒಂದು ಬಿಸ್ಕತ್ತು ಕೊಟ್ಟು ಡಬ್ಬಿಯ ಮುಚ್ಚಳ ಒತ್ತುತ್ತಾ. "ಶನಿವಾರ ಮಕ್ಕಳ ಪರೀಕ್ಷೆ ಇದೆ, ಅವರ ಜೊತೇಲೇ ಬಂದ್ಬಿಡಿ. ಉದ್ದ ತೋಳಿನ ಅಂಗಿ, ಪ್ಯಾಂಟು, ಶೂ ಮರೀಬೇಡಿ. ಕಾಲುವೆಗೆ ಬೀಳೋರು ಬಟ್ಟೆ ಬಿಚ್ಚಿಟ್ಟು ಬೀಳಲ್ಲ."

ಕೆಲಸ ಬೇಕಿತ್ತು. ಹಲ್ಲು ಕಚ್ಚಿಕೊಂಡು ಬಂದಳು. ಶೂ ಸಮೇತ ನೀರಿಗೆ ಹಾರಿದಳು. ಬಟ್ಟೆ ಬದಲಿಸಿ ಬಂದು, ನೀರೊಳಗೆ ಇಳಿಬಿಟ್ಟ ಪರದೆಯ ತೂತಿನಲ್ಲಿ ನುಸುಳಿ ಆಚೆ ಬಂದಳು. ಫ್ರೀಸ್ಟೈಲಿನ ಆ ಐದು ಮೀಟರಿನ ಭಾಗ್ಯವೂ ಮುಗಿಯಿತು. ಉಳಿದದ್ದು ಎರಡೂ ಕಾಲು ಮಡಚಿ ಒದೆಯುವ ಕಪ್ಪೆ ಈಜು, ಐವತ್ತು ಮೀಟರ್. ಅದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಸೀಬ್ರನ್ ಹಲಗೆಗೆ ಸಿಕ್ಕಿಸಿದ ಹಾಳೆ ಹಿಡಿದು, ನಡು ಬಗ್ಗಿಸಿಕೊಂಡು ಕೊಳದ ಅಂಚಿನ ಮೇಲೆ ಅವಳ ಪಕ್ಕಪಕ್ಕದಲ್ಲೇ ನಡೆದ. "ಬಲಗಾಲು! ಬಲಗಾಲು ಓರೆ ಹೋಗ್ತಿದೆ!"

ಬೆಂಚಿನ ಮೇಲೆ ಕೂತಿದ್ದ ಒಬ್ಬ ತಂದೆ ಹೆಂಡತಿಯನ್ನು ತಿವಿದ. "ಟೀವೀಲಿ ಬರ್ತಿದ್ದೋಳು ಇವಳೇ ಅಲ್ವೇನೇ?"

"ಬಂದ್ರೇನಂತೆ ಬಿಡಿ," ಎಂದು ಆಕೆ ಮೂಗು ಮುರಿದಳು. "ಕಾಲೇ ನೆಟ್ಟಗಿಲ್ಲ. ನಮ್ಮ ಪುಟ್ಟಿ ಎಷ್ಟು ಚೆಂದ ಮಡಚ್ತಾಳೆ ನೋಡಿ."

ಪುಟ್ಟಿ ಚೆಂದವಾಗಿ ಕಾಲು ಮಡಚುತ್ತಾ ಇನ್ನೂ ಕೊಳದ ಅರ್ಧದಲ್ಲಿದ್ದಾಗ ಹಿಸ್ಕೆ ಮುಗಿಸಿ ಮೇಲೆ ಹತ್ತಿದ್ದಳು. ಸೀಬ್ರನ್ ಹಾಳೆಯ ಮೇಲೆ ಅಡ್ಡಗೆರೆ ಎಳೆದ. ಅವನ ಮುಖದಲ್ಲಿ ನಿಜವಾದ ಬೇಸರವಿತ್ತು. ಇಂಥವರ ಬೇಸರ ಕಂಡರೇ ಇನ್ನಷ್ಟು ಮೈ ಉರಿಯುತ್ತದೆ.

"ಫೇಲು. ಮೂರು ತಿಂಗಳು ಬಿಟ್ಟು ಮತ್ತೆ ಬನ್ನಿ."

"ನಾನೇನು ಮುಳುಗಿದ್ನಾ?"

"ಮುಳುಗೋದು ಬೇರೆ ಪ್ರಶ್ನೆ, ಹಿಸ್ಕೆ ಅವರೇ. ಎರಡೂ ಕಾಲು ಒಂದೇ ಸಮ ಮಡಚಬೇಕು. ಹಾಳೇಲಿ ಹಾಗಿದೆ." ಆಮೇಲೆ ದನಿ ತಗ್ಗಿಸಿದ. "ಒಂದು ಸಣ್ಣ ಉಪಕಾರ ಆಗ್ಬೇಕಿತ್ತು. ಮಕ್ಕಳಿಗೆ ಡಿಪ್ಲೊಮಾ ನೀವೇ ಕೊಟ್ಬಿಡಿ. ಚಾಂಪಿಯನ್ ಕೈಯಿಂದ ಅಂತ ಪತ್ರಿಕೆಯವರಿಗೆ ಹೇಳ್ಬಿಟ್ಟಿದ್ದೀನಿ."

ನಾಚಿಕೆ ಎನ್ನುವುದು ಕೆಲವರ ಮನೆ ಬಾಗಿಲಿಗೂ ಹೋಗುವುದಿಲ್ಲ. ಅವನ ಕೈಯ ಹಾಳೆಯನ್ನು ಕಿತ್ತು ಅವನ ಮುಖಕ್ಕೇ ಎಸೆಯೋಣವೆನ್ನಿಸಿತು ಹಿಸ್ಕೆಗೆ. ಆದರೆ ಒದ್ದೆ ಕೂದಲಿನ ಹನ್ನೊಂದು ಮಕ್ಕಳು ಟವೆಲ್ ಹೊದ್ದು, ನಡುಗುತ್ತಾ ಸಾಲಾಗಿ ನಿಂತಿದ್ದರು. ಅವರ ತಪ್ಪೇನಿತ್ತು? ಒಂದೊಂದೇ ಹೆಸರು ಓದಿ, ಕೈ ಕುಲುಕಿ, ಹನ್ನೊಂದನ್ನೂ ಕೊಟ್ಟಳು. ಫೋಟೋದವನು ನಗಿ ಎಂದಾಗ ನಕ್ಕಳು ಕೂಡ.

ಎಲ್ಲರೂ ಹೊರಟ ಮೇಲೆ ಸೀಬ್ರನ್‌ನನ್ನು ಕೇಳಿದಳು. "ಹಾಗಾದ್ರೆ ಸೋಮವಾರದಿಂದ ಹೊಸ ಮಕ್ಕಳಿಗೆ ಯಾರು ಕಲಿಸ್ತಾರೆ?"

"ಇನ್ಯಾರು, ನಾನೇ."

"ನೀವು ಕೊನೇ ಸಲ ನೀರಿಗೆ ಇಳಿದದ್ದು ಯಾವಾಗ?"

ಸೀಬ್ರನ್ ತನ್ನ ಇಸ್ತ್ರಿ ಕೆಡದ ಪ್ಯಾಂಟನ್ನೊಮ್ಮೆ ನೋಡಿಕೊಂಡ. ಪ್ರಶ್ನೆ ಅವನಿಗೆ ಅರ್ಥವಾಗಲಿಲ್ಲವೆಂಬುದು ಎದ್ದು ಕಾಣುತ್ತಿತ್ತು.

"ನಾನ್ಯಾಕೆ ನೀರಿಗಿಳೀಲಿ?" ಎಂದ. "ನನ್ನ ಹತ್ರ ಎ, ಬಿ, ಸಿ, ಮೂರೂ ಡಿಪ್ಲೊಮಾ ಇವೆಯಲ್ಲ!"