ಹಳೇ ಗ್ಯಾಸಿನ ಕಾನೂನು

ಹೊರಗೋಡೆಯ ಎಸಿ ಡಬ್ಬದಿಂದ ಬುಸ್ಸೆಂದು ಸದ್ದು ಬಂತು. ಪೂವಮ್ಮ ಅಡುಗೆಮನೆಯಿಂದ ಓಡಿಬಂದಳು. ಕೊರಳಿಗೆ ಟ್ಯಾಗ್ ನೇತುಹಾಕಿಕೊಂಡಿದ್ದ ಆ ಮನುಷ್ಯ ಸ್ಪ್ಯಾನರ್ ಹಿಡಿದು ಕುಕ್ಕರುಗಾಲಲ್ಲಿ ಕೂತಿದ್ದ.

"ಎಂತ ಮಾಡಿದ್ದು ನೀನು?"

"ಚೆಕ್ ಮಾಡ್ದೆ ಮೇಡಂ. ನಿಮ್ದು ಹಳೇ ಗ್ಯಾಸು. ಬ್ಯಾನ್ ಆಗಿದೆ. ಈ ಎಸಿ ಮನೇಲಿಟ್ಕೊಂಡ್ರೆ ದಂಡ ಬೀಳುತ್ತೆ. ಕಿತ್ತುಹಾಕಿ ಹೊಸದು ತಗೊಳ್ಳಿ. ಅಡ್ವಾನ್ಸ್ ಕೊಟ್ರೆ ನಾನೇ ತರ್ತೀನಿ."

ಕರೆಯದೇ ಬಂದವನು. ಹೊಸ ರೂಲ್ಸ್ ಬಂದಿದೆ, ಮನೆಮನೆ ತಪಾಸಣೆ, ಹೆಸರು ವಸಂತ, ಎಂದೆಲ್ಲ ಒದರಿ ನೇರ ಹಿತ್ತಿಲಿಗೇ ನುಗ್ಗಿದ್ದ. ಮಾತು ಮುಗಿಸಿ, ಅವಳ ಆಂಥೂರಿಯಂ ಕುಂಡಕ್ಕೆ ಪಿಚಕ್ಕೆಂದು ಗುಟ್ಕಾ ಉಗಿದ. ಕೆಂಪು ಎಂಜಲು ಎಲೆಯ ಮೇಲಿಂದ ಜಾರಿ ಮೆಟ್ಟಿಲಿಗೆ ಬಿತ್ತು.

ಪೂವಮ್ಮ ಒಳಕೋಣೆಗೆ ಹೋಗಿ ಕೈಯೊಡ್ಡಿ ನೋಡಿದಳು. ಎಸಿಯಿಂದ ಬರುತ್ತಿದ್ದದ್ದು ಬರೀ ಬೆಚ್ಚನೆ ಗಾಳಿ.

ಆ ಕೋಣೆಯಲ್ಲಿ ಮುನ್ನೂರು ಡಬ್ಬಿ ಚಾಕಲೇಟು ಇತ್ತು. ಎರಡು ವಾರ ಅವಳೊಬ್ಬಳೇ ನಿಂತು ಮಾಡಿದ್ದು. ಭಾನುವಾರ ಮಡಿಕೇರಿಯ ಮದುವೆಮನೆಗೆ ಹೋಗಬೇಕು. ಅವಳ ಮೊದಲ ದೊಡ್ಡ ಆರ್ಡರು. ಇದು ಕೆಟ್ಟರೆ ಎರಡನೆಯದನ್ನು ಯಾರೂ ಕೊಡುವುದಿಲ್ಲ. ಮಡಿಕೇರಿಯಾಗಿದ್ದರೆ ಫ್ಯಾನೂ ಬೇಕಿರಲಿಲ್ಲ. ಘಟ್ಟದ ಬುಡದ ಸಂಪಾಜೆಯ ಏಪ್ರಿಲ್ಲಿನಲ್ಲಿ ಮನುಷ್ಯರೇ ಕರಗುತ್ತಾರೆ, ಇನ್ನು ಚಾಕಲೇಟು ಯಾವ ಲೆಕ್ಕ.

ಪೊರಕೆ ಹಿಡಿದುಕೊಂಡೇ ಹೊರಗೆ ಬಂದಳು. "ಥೂ, ನಾಚಿಕೆಗೆಟ್ಟವನೇ! ಗ್ಯಾಸ್ ಬಿಟ್ಟು ನನ್ನ ಹತ್ರವೇ ಹೊಸ ಎಸಿ ಮಾರ್ಲಿಕ್ಕೆ ನೋಡ್ತೀಯಾ? ಹೊರಡು ಇಲ್ಲಿಂದ!"

ವಸಂತ ಹಲ್ಲು ಕಿರಿಯುತ್ತಲೇ ಚೀಲ ಹೆಗಲಿಗೇರಿಸಿದ. "ಯಾರನ್ನ ಬೇಕಾದ್ರೂ ಕರೆಸಿ ಮೇಡಂ, ಇದನ್ನೇ ಹೇಳ್ತಾರೆ. ಆ ಎಸಿ ರಿಪೇರಿ ಸುನಿಲನೊಬ್ಬನನ್ನ ಮಾತ್ರ ಕರೀಬೇಡಿ. ನಮ್ಮ ಹೊಟ್ಟೆ ಮೇಲೆ ಹೊಡೆಯೋದೇ ಅವನ ಕೆಲಸ." ಗೇಟು ಹಾಕದೆ ಹೋದ.

ಗಂಡ ಸಾಂತಪ್ಪ ಪೊಲೀಸರಿಗೆ ಫೋನ್ ಮಾಡಲು ಹೊರಟ. ಪೂವಮ್ಮ ತಡೆದಳು.

"ಅವರು ಬರುವಾಗ ಒಳಗಿರುದೆಲ್ಲ ಪಾಯಸ ಆಗಿರ್ತದೆ. ಯಾರನ್ನ ಕರೆಸ್ಬೇಕೂಂತ ನಂಗೆ ಗೊತ್ತುಂಟು."

ಆ ಹೊಲಸು ಬಾಯಿ ಯಾರನ್ನು ಬೇಡವೆಂದಿತೋ ಅವನೇ ತನಗೆ ಬೇಕಾದವನು. ಅಷ್ಟು ಬುದ್ಧಿ ತನಗಿದೆ ಎಂದು ಅವಳಿಗೆ ಸ್ವಲ್ಪ ಹೆಮ್ಮೆಯೂ ಆಯಿತು. ಪೇಟೆಗೆ ಹೋದ ಸಾಂತಪ್ಪನಿಗೆ ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೆ ಸುನಿಲನ ನಂಬರಿದ್ದ ಹೊಸ ಸ್ಟಿಕ್ಕರ್ ಸಿಕ್ಕಿತು. ಫೋನ್ ಮಾಡಿದ ಅರ್ಧ ಗಂಟೆಯಲ್ಲಿ ಅವನು ಬಂದೂಬಿಟ್ಟ. ಪಕ್ಕದ ಕೊಯನಾಡಿನಲ್ಲೇ ಒಂದು ಕೆಲಸವಿತ್ತಂತೆ.

ಅಷ್ಟರಲ್ಲಿ ಮೇಲಿನ ಸಾಲಿನ ಡಬ್ಬಿಗಳು ಬೆವರತೊಡಗಿದ್ದವು.

ಸುನಿಲ ಚಪ್ಪಲಿ ಕಳಚಿ ಒಳಗೆ ಬಂದ. ಕಾಫಿ ಕೊಟ್ಟರೆ, ಮೊದಲು ಕೆಲಸ ಎಂದ. ಲೋಟದಲ್ಲಿ ಸೋಪಿನ ನೀರು ಕಲಸಿ ಪೈಪಿನ ಜಾಯಿಂಟುಗಳಿಗೆಲ್ಲ ಬ್ರಷ್ಷಿನಿಂದ ಹಚ್ಚಿದ. ಒಂದು ಗುಳ್ಳೆಯೂ ಏಳಲಿಲ್ಲ.

"ನೋಡಿ ಅಕ್ಕಾ, ಎಲ್ಲೂ ಲೀಕಿಲ್ಲ. ಎಸಿ ಗ್ಯಾಸು ಸ್ಕೂಟರಿನ ಪೆಟ್ರೋಲ್ ಥರ ಖರ್ಚಾಗಲ್ಲ. ಲೀಕಾಗಿರ್ಬೇಕು, ಇಲ್ಲ ಯಾರಾದ್ರೂ ಬಿಟ್ಟಿರ್ಬೇಕು."

"ಬ್ಯಾನ್ ಆಗಿದೆ ಅಂದನಲ್ಲ?"

"ಹೊಸ ಮೆಷಿನ್ನಿಗೆ ಈ ಗ್ಯಾಸ್ ಹಾಕಂಗಿಲ್ಲ, ಅಷ್ಟೇಯ. ಮನೇಲಿರೋ ಹಳೇದನ್ನ ಓಡಿಸ್ಬೇಡಿ ಅಂತ ಯಾವ ಕಾನೂನೂ ಹೇಳಲ್ಲ. ಗ್ಯಾಸ್ ತಯಾರು ಮಾಡೋದನ್ನ ವರ್ಷಾವರ್ಷ ಕಮ್ಮಿ ಮಾಡ್ತಾವ್ರೆ, ಅದಕ್ಕೇ ರೇಟು ಜಾಸ್ತಿ. ಇನ್ನೊಂದು, ಹೊಸ ಗ್ಯಾಸ್ ಚೆನ್ನಾಗಿದೆ ಅಂತ ಹಳೇ ಮೆಷಿನ್ನಿಗೆ ತುಂಬಿಸ್ಬೇಡಿ. ಅದು ಬೆಂಕಿ ಹತ್ತೋ ಜಾತಿ."

ಪೂವಮ್ಮ ತಲೆಯಾಡಿಸುತ್ತಾ ಕೇಳಿದಳು. ಅವನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಮೆಷಿನ್ ಯಾವ ಕಾಲದ್ದೆಂದು ಕೇಳದಿದ್ದರೂ ಅದಕ್ಕೆ ಬೇಕಾದ ಸಿಲಿಂಡರನ್ನೇ ಅವನು ತಂದಿದ್ದ. ತುಂಬಿಸಿದ. ಹತ್ತು ನಿಮಿಷದಲ್ಲಿ ಕೋಣೆ ತಣ್ಣಗಾಗತೊಡಗಿತು. ಪೂವಮ್ಮ ಡಬ್ಬಿಯೊಂದನ್ನು ತೆರೆದು ಬೆರಳಿಂದ ಒತ್ತಿ ನೋಡಿದಳು. ಚಾಕಲೇಟು ಗಟ್ಟಿಯಾಗಿಯೇ ಇತ್ತು. ಅವಳಿಗೆ ಅಳು ಬಂತು, ನಗುವೂ ಬಂತು.

"ಆ ವಸಂತನ ಮೋರೆ ನೆನೆಸಿದ್ರೆ ಈಗ್ಲೂ ವಾಕರಿಕೆ ಬರ್ತದೆ," ಅಂದಳು.

"ಅಂಥವರಿಂದಲೇ ನಮ್ಮ ಕಸುಬಿಗೆ ಕೆಟ್ಟ ಹೆಸರು. ಇವತ್ತು ನಿಮ್ಮನೆ, ನಾಳೆ ಪಕ್ಕದ ಮನೆ. ನಾಲ್ಕು ಜನಕ್ಕೆ ಹೇಳಿ ಅಕ್ಕಾ."

ಅವನು ಕೇಳಿದಷ್ಟನ್ನು ಚೌಕಾಸಿ ಮಾಡದೆ ಕೊಟ್ಟಳು. ಇಂಥವನ ಹತ್ತಿರ ಚೌಕಾಸಿ ಮಾಡುವುದು ಅವಳಿಗೆ ಅಸಹ್ಯವೆನಿಸಿತು. ಅವನೆದುರೇ ಕೂತು ಸ್ವಸಹಾಯ ಸಂಘದವರಿಗೆಲ್ಲ ಒಬ್ಬೊಬ್ಬರಾಗಿ ಫೋನ್ ಮಾಡಿದಳು. ಮೊದಲು ಲಿಂಗಮ್ಮನಿಗೆ.

"ಟ್ಯಾಗ್ ಹಾಕಿದವ ಒಬ್ಬ ಬರ್ತಾನೆ, ಪೊರಕೆಯಲ್ಲಿ ಓಡ್ಸಿ. ಎಸಿ ನಿಂತೋದ್ರೆ ಹೆದರ್ಬೇಡಿ, ಸುನಿಲಂಗೆ ಫೋನ್ ಮಾಡಿ. ಚಿನ್ನದಂಥ ಹುಡುಗ. ನಂಬರ್ ಬರ್ಕೊಳ್ಳಿ."

ಹನ್ನೊಂದು ಮನೆಯವರು ಬರೆದುಕೊಂಡರು. ಪೂವಮ್ಮನ ಮಾತೆಂದರೆ ಸಂಘದಲ್ಲಿ ಯಾರೂ ಎರಡು ಸಲ ಯೋಚಿಸುವವರಲ್ಲ. ಸುನಿಲ ಕೈಮುಗಿದು ಹೊರಟ. ಸಾಂತಪ್ಪ ಗೇಟಿನವರೆಗೂ ಹೋಗಿ ಬೀಳ್ಕೊಟ್ಟು ಬಂದ.

ಕೊಯನಾಡು ದಾಟಿದ ಮೇಲಿನ ತಿರುವಿನಲ್ಲಿ ಸುನಿಲ ವ್ಯಾನು ನಿಲ್ಲಿಸಿದ. ಮರದ ನೆರಳಲ್ಲಿ ಕೂತಿದ್ದ ವಸಂತ ಎದ್ದುಬಂದು ಪಕ್ಕದ ಸೀಟಿನಲ್ಲಿ ಕೂತ. ನಂಬರ್ ಬರೆದುಕೊಂಡ ಮನೆಗಳ ಲೆಕ್ಕವನ್ನು ಸುನಿಲ ಹೇಳಿದ.

"ಈ ಹನ್ನೊಂದು ಮನೆ ಮುಗಿಸಿ ವಿರಾಜಪೇಟೆಗೆ ಹೋಗೋಣ ಭಾವ," ಅಂದ ವಸಂತ. "ಅಲ್ಲಿ ಮಾತ್ರ ಕೆಟ್ಟವನಾಗೋ ಸರದಿ ನಿಂದು."