ಕೂಗದೆ ಬಂದ ಪಾತ್ರೆ

ಮೊಣಕೈಗೆ ಕಾದ ಪಾತ್ರೆ ತಗುಲಿದ ಮೇಲೆಯೇ ತರಕಾರಿ ಹೆಚ್ಚುವ ಅಕ್ಕನಿಗೆ ಗೊತ್ತಾದದ್ದು, ಬೆನ್ನ ಹಿಂದೆ ಬಾಣಲೆಯಲ್ಲಿ ಕರಿಯುವ ಅಣ್ಣ ಬಂದಿದ್ದಾನೆ ಎಂದು. ಆ ಹೋಟೆಲಿನ ಅಡುಗೆಮನೆಯಲ್ಲಿ ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಅಂಟಿಕೊಳ್ಳಬೇಕು. ಅದಕ್ಕೇ ಪಾತ್ರೆ ಹೊತ್ತವರು "ಬಿಸಿ, ಬಿಸಿ" ಎಂದು ಕೂಗಿಕೊಂಡೇ ನಡೆಯುತ್ತಾರೆ. ಮಾತು ಬಿಟ್ಟವರೂ ಕೂಗುತ್ತಾರೆ. ಹಿಂದೊಮ್ಮೆ ಇದೇ ಅಣ್ಣ ತಿಂಗಳುಗಟ್ಟಲೆ ಅವಳ ಮೇಲೆ ಮುಖ ಊದಿಸಿಕೊಂಡಿದ್ದಾಗಲೂ ಆ ಒಂದು ಮಾತನ್ನು ನುಂಗಿದವನಲ್ಲ.

"ಕೂಗೋದಲ್ವಾ ಅಣ್ಣಾ?" ಎಂದಳು, ಕೈಯನ್ನು ನಲ್ಲಿಯ ಕೆಳಗೆ ಹಿಡಿದು.

"ನೀನು ಇದೀಯ ಅನ್ನೋದೇ ಮರೆತುಹೋಯ್ತು ನೋಡು," ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಬೆಳಿಗ್ಗೆ ಅವಳು, ವಾರ ಕಳೆದ ಮೇಲೆ ಕೆಲಸಕ್ಕೆ ಬರೋದಿಲ್ಲ ಅಂದಾಗಲೂ ಯಾರೂ ಸಿಟ್ಟಾಗಿರಲಿಲ್ಲ. ಪಾತ್ರೆ ತೊಳೆಯುವ ಅತ್ತೆ "ಬಚಾವಾದೆ ಬಿಡು" ಅಂದು ಬೆನ್ನು ತಿರುಗಿಸಿದ್ದಳು, ಅಷ್ಟೇ. ಒಂದಿಷ್ಟು ಬೈದು ಜಗಳ ತೆಗೆದಿದ್ದರೂ ಇವಳಿಗೆ ಸಮಾಧಾನವಾಗುತ್ತಿತ್ತು.

ಕೈಯ ಉರಿ ಇಳಿಯುವಷ್ಟರಲ್ಲಿ ಒಲೆಯ ಮೇಲಿನ ಆಲೂಗಡ್ಡೆ ಬೆಂದಿತ್ತು. ಬಟ್ಟೆ ಹಿಡಿದು ಪಾತ್ರೆ ಎತ್ತಿದಳು. "ಬಿಸಿ, ಬಿಸಿ" ಎಂದು ಕೂಗಿದಳು. ಅತ್ತೆ ಉಜ್ಜುತ್ತಲೇ ಇದ್ದಳು, ಅಣ್ಣ ಬಾಣಲೆಯಿಂದ ತಲೆ ಎತ್ತಲಿಲ್ಲ. ಇನ್ನೊಮ್ಮೆ ಕೂಗಿದಳು. ಹಬೆ ಕಣ್ಣಿಗೆ ಬಡಿಯುತ್ತಿತ್ತು, ತೋಳು ಸೋಲುತ್ತಿತ್ತು. ಕೊನೆಗೆ, ಹೊರಗೆ ಊಟಕ್ಕೆ ಬಂದ ಗಿರಾಕಿಯ ಹಾಗೆ ಮೆಲ್ಲಗೆ ಕೇಳಿದಳು:

"ದಯವಿಟ್ಟು, ಸ್ವಲ್ಪ ದಾರಿ ಬಿಡ್ತೀರಾ?"

ಇಬ್ಬರೂ ತಕ್ಷಣ ಗೋಡೆಗೆ ಸರಿದು ನಿಂತರು.