ಅದಲುಬದಲಾದ ಪೊಟ್ಟಣ

ಟೈಲರ್ ಅಕ್ಕ ಮತ್ತೆ ಬಸ್ ಡ್ರೈವರನ ಪೊಟ್ಟಣದ ಮೇಲೆ ಕಣ್ಣು ಹಾಕಿದ್ದಳು.

ಆಸ್ಪತ್ರೆಯ ಬೆಂಚಿನಲ್ಲಿ ಇಬ್ಬರೂ ಅಕ್ಕಪಕ್ಕ ಕುಳಿತಿದ್ದರು. ಡ್ರೈವರನಿಗೆ ಸಕ್ಕರೆ ಕಾಯಿಲೆ. ಕಾಲಿನ ಹೆಬ್ಬೆರಳ ಹುಣ್ಣು ಮೂರು ತಿಂಗಳಾದರೂ ಮಾಯುತ್ತಿರಲಿಲ್ಲ. ಇನ್ನೊಮ್ಮೆ ಕೀವಾದರೆ ಬೆರಳನ್ನೇ ತೆಗೆಯಬೇಕೆಂದು ಡಾಕ್ಟರಮ್ಮ ಹೇಳಿಬಿಟ್ಟಿದ್ದರು. ಅಕ್ಕನದು ಇಸ್ತ್ರಿಪೆಟ್ಟಿಗೆ ತಾಗಿ ಮುಂಗೈ ಸುಟ್ಟ ಗಾಯ.

ಹೊಸ ಬಗೆಯ ಪಟ್ಟಿಯೊಂದರ ಪರೀಕ್ಷೆಗೆಂದು ನರ್ಸ್ ಇಬ್ಬರ ಕೈಗೂ ಒಂದೊಂದು ಪೊಟ್ಟಣ ಕೊಟ್ಟು, ಕರೆದಾಗ ತನ್ನಿ ಎಂದಿದ್ದಳು. ತಿಂಗಳಿಗಾಗುವಷ್ಟು ಪಟ್ಟಿ, ಮೇಲೆ ಬರೀ ಒಂದು ನಂಬರು. ಒಂದರಲ್ಲಿ ಹೊಸ ಹಾಳೆ: ಮೀನಿನ ಚರ್ಮದ ನಾರಾದ ಕೊಲಾಜೆನ್‌ಗೆ ರೋಗಾಣು ಕೊಲ್ಲುವ ಮದ್ದು ಬೆರೆಸಿದ್ದು. ಅದನ್ನೇ ಹಿಡಿದು ಹೊಸ ಚರ್ಮ ಹಬ್ಬುತ್ತದಂತೆ, ಕೀವೂ ಆಗುವುದಿಲ್ಲವಂತೆ. ಇನ್ನೊಂದರಲ್ಲಿ ಮಾಮೂಲಿ ಬಟ್ಟೆಪಟ್ಟಿ. ಯಾವುದು ಯಾರದೆಂದು ತಿಂಗಳು ಮುಗಿಯುವವರೆಗೆ ಡಾಕ್ಟರಮ್ಮನಿಗೂ ಗೊತ್ತಾಗುವಂತಿಲ್ಲ.

ಮೂವತ್ತು ವರ್ಷ ಬಟ್ಟೆ ಹೊಲಿದವಳು ಅಕ್ಕ. ಎರಡೂ ಪೊಟ್ಟಣಗಳನ್ನು ಬೆರಳಲ್ಲಿ ಹಿಸುಕಿ ನೋಡಿ ಮುಖ ಸಿಂಡರಿಸಿದಳು. ತನ್ನದು ಬರೀ ಬಟ್ಟೆ, ತನ್ನ ಹಣೆಬರಹವೇ ಇಷ್ಟು ಎಂದು ಗೊಣಗತೊಡಗಿದಳು.

"ನಿಂದು ನಂಗೆ ಕೊಡು ತಮ್ಮಾ. ಮಷಿನ್ ತುಳೀದೆ ಕೈಕಾಲು ಕಟ್ಟಿಹಾಕಿದ ಹಾಗಾಗಿದೆ."

ಡ್ರೈವರ್ ಯಾರ ಹಂಗಿಗೂ ಬೀಳುವವನಲ್ಲ. ಆವತ್ತು ಬೆಳಿಗ್ಗೆ ಅಕ್ಕ ತನ್ನ ಸರದಿ ಬಿಟ್ಟುಕೊಡುತ್ತೇನೆಂದಾಗಲೂ ಒಂಟಿಕಾಲಲ್ಲಿ ನಿಂತೇ ಇದ್ದ. ಆದರೆ ಕೇಳಿದವರಿಗೆ ಇಲ್ಲವೆನ್ನಲು ಬಾಯಿ ಬರುತ್ತಿರಲಿಲ್ಲ. ಹೆಬ್ಬೆರಳನ್ನೊಮ್ಮೆ ನೋಡಿಕೊಂಡು ಪೊಟ್ಟಣ ಬದಲಿಸಿಕೊಂಡ. ಅವಳು ಒಂದು ಒಳ್ಳೆಯ ಮಾತನ್ನೂ ಆಡದೆ ಅದನ್ನು ಚೀಲಕ್ಕೆ ತುರುಕಿದಳು.

ಒಳಗೆ ನರ್ಸ್ ಯಾರಿಗೆ ಯಾವ ನಂಬರಿನದು ಹಾಕಿದೆನೆಂದು ಬರೆದುಕೊಂಡಳು.

ಮುಂದೆ ವಾರ ವಾರವೂ ಅಕ್ಕ ಅವನ ಕಾಲಿನ ಮೇಲೆ ಬಗ್ಗಿ, ಕೀವಿದೆಯಾ ಎಂದು ವಿಚಾರಿಸುತ್ತಿದ್ದಳು. ಗೆದ್ದ ಜಂಬ ಎಂದು ಅವನಿಗೆ ಮೈ ಉರಿಯುತ್ತಿತ್ತು.

ತಿಂಗಳಾಯಿತು. ಹೆಬ್ಬೆರಳ ಮೇಲೆ ಎಳೆಗೆಂಪು ಚರ್ಮ ಮುಚ್ಚಿಕೊಂಡಿತ್ತು. ಯಾವ ನಂಬರಿನಲ್ಲಿ ಏನಿತ್ತೆಂಬ ಗುಟ್ಟಿನ ಲಕೋಟೆಯನ್ನು ಡಾಕ್ಟರಮ್ಮ ತೆರೆದು ನೋಡಿದರು: ಹೊಸ ಹಾಳೆ ಅವನ ಪಾಲಿಗೇ ಬಂದಿತ್ತು.

ಬೆರಳು ಉಳಿಯಿತೆಂದು ಕುಣಿಯಬೇಕೋ, ಅಕ್ಕನ ಪಾಲು ಕಸಿದೆನೆಂದು ನಾಚಬೇಕೋ ತಿಳಿಯದೆ, ಡ್ರೈವರ್ ಶೂ ಹಾಕಿಕೊಂಡು ನೆಟ್ಟಗೆ ಅವಳ ಅಂಗಡಿಗೆ ನಡೆದ. ಅವಳ ಮುಂಗೈ ವಾಸಿಯಾಗಿತ್ತು, ಕಲೆ ಮಾತ್ರ ಉಳಿದಿತ್ತು.

"ತಪ್ಪಾಯ್ತು ಅಕ್ಕ. ಒಳ್ಳೇದು ನಿಮ್ಮ ಹತ್ರಾನೇ ಇತ್ತಂತೆ."

ಅಕ್ಕ ಸೂಜಿಯಿಂದ ಕಣ್ಣೆತ್ತದೆ ನಕ್ಕಳು.

"ನಾನಾಗಿ ಕೊಟ್ಟಿದ್ರೆ ನೀನು ತಗೋತಿದ್ಯಾ?"